ತಾಯಿಮನೆಯೂ ನೋಡಬಂದವರೂ

ಚೀನಾದ ಯುನ್ನಾನ್ ಮತ್ತು ಸಿಚುವಾನ್ ಪ್ರಾಂತಗಳ ಗಡಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,700 ಮೀಟರ್ ಎತ್ತರದಲ್ಲಿ ಲೂಗು ಸರೋವರವಿದೆ. ಅದರ ದಡದ ಮೊಸುವೊ ಜನರಲ್ಲಿ ವಂಶ ನಡೆಯುವುದು ತಾಯಿಯಿಂದ. ಗಂಡಸು ರಾತ್ರಿ ಸಂಗಾತಿಯ ಮನೆಗೆ ಹೋಗಿ ಬೆಳಗಾಗುವಾಗ ತನ್ನ ತಾಯಿಮನೆಗೆ ಮರಳುವುದು ಅಲ್ಲಿನ ರೂಢಿ. ಮಕ್ಕಳು ತಾಯಿಯ ಮನೆಯವರು. ಸಾಕುವ ಹೊಣೆಯಲ್ಲಿ ಸೋದರಮಾವಂದಿರಿಗೆ ದೊಡ್ಡ ಪಾಲು.

ಕೇಳಿದವರಿಗೆ ಇದು ವಿಚಿತ್ರವೆನಿಸೀತು. ಕಾಸರಗೋಡಿನ ನಮಗೆ ಹಾಗೆನಿಸಬಾರದು. ಮಾವನ ಆಸ್ತಿ ಸೋದರಳಿಯನಿಗೆ ಸಲ್ಲುವ ಅಳಿಯಸಂತಾನ ನಮ್ಮ ಅಜ್ಜಿಯಂದಿರು ಕಂಡದ್ದೇ. 1976ರಲ್ಲಿ ಜಾರಿಗೆ ಬಂದ ಕೇರಳದ ಕಾನೂನು ಆ ಕೂಡುಕುಟುಂಬದ ಹಕ್ಕನ್ನು ತೆಗೆಯಿತು. ಆದರೂ ಹಲವು ಮನೆಗಳಲ್ಲಿ ಮಕ್ಕಳ ಬಳಿ ಇಂದಿಗೂ ತಾಯಿಯದೇ.

ಲೂಗು ಸರೋವರಕ್ಕೆ 1990ರ ದಶಕದಿಂದ ‘ಹೆಣ್ಣುರಾಜ್ಯ’ ನೋಡಲೆಂದು ಪ್ರವಾಸಿಗರು ಗುಂಪುಗುಂಪಾಗಿ ಬರತೊಡಗಿದರು. 2015ರಲ್ಲಿ ವಿಮಾನನಿಲ್ದಾಣವೂ ಆಯಿತು. ದಡದ ಮರದ ಮನೆಗಳ ಪಕ್ಕ ವಸತಿಗೃಹಗಳೆದ್ದವು. ಬೆಂಕಿಯ ಸುತ್ತ ಕೈಹಿಡಿದು ಕುಣಿಯುವ ಕುಣಿತ ಈಗ ಟಿಕೇಟು ಕೊಂಡವರಿಗಾಗಿ. ಹಣ ಬಂದುದನ್ನು ನಾವು ಹಗುರಾಗಿ ಕಾಣುವುದಿಲ್ಲ. ಬಡ ಬೆಟ್ಟದೂರಿಗೆ ಅದು ಅನ್ನ. ಆದರೆ ಪ್ರವಾಸಿಗೆ ಮಾರುವ ಕಥೆಯಲ್ಲಿರುವುದು ಆ ರಾತ್ರಿಯ ಭೇಟಿ ಮಾತ್ರ. ಒಲೆಯ ಪಕ್ಕ ಕುಳಿತು ಇಡೀ ಮನೆಯ ದವಸ, ದುಡ್ಡಿನ ಲೆಕ್ಕ ನೋಡುವ ಅಜ್ಜಿ ಅದರಲ್ಲಿಲ್ಲ. ತಂಗಿಯ ಮಗುವನ್ನು ಎತ್ತಿ ಆಡಿಸುವ ಮಾವನೂ ಇಲ್ಲ. ಅಲ್ಲಿನ ಹುಡುಗಿಯನ್ನು ಕಂಡು ಹೊರಗಿನವರು ಮುಸಿಮುಸಿ ನಕ್ಕರೆ ಅವಳು ಏನೆನ್ನಬೇಕು?

ಮದುವೆಯಾಗಿ ಬೇರೆ ಮನೆ ಹೂಡುವ ತರುಣರು ಈಗ ಅಲ್ಲಿಯೂ ಹೆಚ್ಚಿದ್ದಾರೆ. ಅವರಾಗಿ ಬಯಸಿದರೆ ಸರಿ. ನೋಡಬಂದವರ ನಗೆಗೆ ನಾಚಿ ತಾಯಿಮನೆ ಬಿಡಬೇಕಾಗುವುದನ್ನು ಮಾತ್ರ ನಾವು ಒಪ್ಪಲಾರೆವು.