ಹಿತ್ತಾಳೆ ಕಿವಿಯ ಅರಸು

ವೀರನಾದ ಅರಸನೊಬ್ಬನ ಕಥೆಯೆಂದೊಡನೆ ನಮ್ಮ ಮನಸ್ಸು ಮೊದಲು ಹುಡುಕುವುದು ಅವನ ತೋಳನ್ನು, ಆಮೇಲೆ ಖಡ್ಗವನ್ನು, ಕುದುರೆಯನ್ನು, ಕೇತನವನ್ನು. ಅವನ ಕಿವಿ ಹೇಗಿತ್ತೆಂದು ಕೇಳುವವರು ವಿರಳ. ಕಲ್ಪಿತ ಲೋಕಗಳ ಕಥೆಗಳು ಮಕ್ಕಳಿಗೂ ದೊಡ್ಡವರಿಗೂ ಪ್ರಿಯವಾಗಿರುವ ಈ ದಿನಗಳಲ್ಲಿ, ಅವುಗಳಲ್ಲಿ ಬರುವ ರಾಜರೆಲ್ಲರೂ ಬಾಹುಬಲದ ಬೊಂಬೆಗಳೆಂದು ತಳ್ಳಿಹಾಕುವ ವಿದ್ಯಾವಂತರನ್ನು ಕಂಡಾಗಲೆಲ್ಲ ನನಗೆ ನೆನಪಾಗುವವನು ಥಿಯೊಡೆನ್. ಜೆ. ಆರ್. ಆರ್. ಟೋಲ್ಕೀನರು 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರತಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಮಹಾಕಥೆಯಲ್ಲಿ ಅವನು ರೋಹನ್ ಎಂಬ ಹುಲ್ಲುಗಾವಲಿನ ನಾಡನ್ನಾಳುವ ಹದಿನೇಳನೆಯ ಅರಸು. ಕುದುರೆಯೇ ಸಂಪತ್ತಾದ ಜನರ ಒಡೆಯನಾದರೂ ಅವನು ಕಥೆಯೊಳಗೆ ಮೊದಲ ಸಲ ಕಾಣಿಸಿಕೊಳ್ಳುವಾಗ, ಕುದುರೆಯೇರುವುದು ಹಾಗಿರಲಿ, ನೆಟ್ಟಗೆ ನಿಲ್ಲಲೂ ಆರದವನಾಗಿದ್ದಾನೆ.

ಎಡೊರಾಸ್ ಬೆಟ್ಟದ ಮೇಲೆ ಮೆಡುಸೆಲ್ಡ್ ಎಂಬ ಹೊನ್ನಿನ ಸಭಾಮಂದಿರ; ಅದರ ಮಂದ ಬೆಳಕಿನಲ್ಲಿ, ಹಣೆಯ ಮೇಲೆ ಒಂಟಿ ವಜ್ರವನ್ನು ಧರಿಸಿ, ಮೂಳೆಯ ಹಿಡಿಯುಳ್ಳ ಕರಿಯ ಊರುಗೋಲಿನ ಮೇಲೆ ಬಾಗಿ, ಬಾಗಿದುದರಿಂದಲೇ ಕುಬ್ಜನಂತೆ ತೋರುವ ಮುದುಕ; ಅವನ ಕಾಲ ಬಳಿಯ ಮೆಟ್ಟಿಲಿನ ಮೇಲೆ ಬಿಳಿಚಿದ ಮುಖದ ಮಂತ್ರಿ ಗ್ರೀಮಾ, ಜನರ ಬಾಯಲ್ಲಿ ಸರ್ಪಜಿಹ್ವ. ಈ ಗ್ರೀಮಾ ಅರಸನಿಗೆ ವಿಷವುಣಿಸಿದುದನ್ನು ನಾವು ಅಲ್ಲಿ ಕಾಣುವುದಿಲ್ಲ. ಕಾಣುವುದು ಅವನ ಮಾತನ್ನು ಮಾತ್ರ. ತಮಗೆ ವಯಸ್ಸಾಯಿತು, ಆಯಾಸ ಮಾಡಿಕೊಳ್ಳಬಾರದು, ಬರುವವರೆಲ್ಲರೂ ಕೆಟ್ಟ ಸುದ್ದಿಯನ್ನೇ ತರುವವರು, ಸೋದರಳಿಯನಾದ ಎಯೊಮೆರನ ನಿಷ್ಠೆ ಸಂದೇಹಾಸ್ಪದವಾದುದು: ಹೀಗೆ ದಿನಕ್ಕಿಷ್ಟು ಹನಿಯಂತೆ ಆ ಮಾತು ಒಳಗಿಳಿದು, ಒಬ್ಬನೇ ಮಗ ಶತ್ರುವಿನ ಕೈಯಲ್ಲಿ ಮಡಿದಿದ್ದರೂ ಅರಸು ಪೀಠ ಬಿಟ್ಟು ಏಳಲಿಲ್ಲ, ಎಯೊಮೆರನು ಸೆರೆಯಲ್ಲಿದ್ದನು, ಅರಸನ ಖಡ್ಗ ಮಂತ್ರಿಯ ಪೆಟ್ಟಿಗೆಯಲ್ಲಿತ್ತು. ಹಿತ್ತಾಳೆ ಕಿವಿ ಎಂದು ನಮ್ಮವರು ಯಾವುದನ್ನು ಕರೆಯುತ್ತಾರೋ, ಆ ವ್ಯಾಧಿಯ ಇಷ್ಟು ಸೂಕ್ಷ್ಮವಾದ ಚಿತ್ರವನ್ನು ನಾನು ಬೇರೆಡೆ ಕಂಡುದು ಕಡಮೆ.

ಪೀಟರ್ ಜ್ಯಾಕ್ಸನ್ 2002ರಲ್ಲಿ ಮಾಡಿದ ಚಲನಚಿತ್ರದ ಬಗೆಗೆ ನನಗಿರುವ ಅಸಮಾಧಾನವೂ ಇಲ್ಲಿಯದೇ. ಅಲ್ಲಿ ದುಷ್ಟ ಮಾಂತ್ರಿಕನಾದ ಸಾರುಮಾನನು ಅರಸನ ಮೈಯನ್ನೇ ಹೊಕ್ಕಿರುತ್ತಾನೆ. ಅರಸನ ನೆರವಿಗೆ ಬಂದ ಒಳ್ಳೆಯ ಮಾಂತ್ರಿಕ ಗ್ಯಾಂಡಾಲ್ಫನು ದೆವ್ವ ಬಿಡಿಸುವವನಂತೆ ಅವನನ್ನು ಹೊರಗಟ್ಟುತ್ತಾನೆ. ಸುಕ್ಕುಗಳು ಮಾಯವಾಗಿ ರಾಜನು ತರುಣನಾಗುತ್ತಾನೆ. ಬರ್ನಾರ್ಡ್ ಹಿಲ್ ಎಂಬ ನಟರ ಅಭಿನಯ ಗಂಭೀರವಾದುದು, ಅದರ ಬಗೆಗೆ ಮಾತಿಲ್ಲ. ಆದರೆ ಮೈಹೊಕ್ಕ ದೆವ್ವ ಬಿಟ್ಟುಹೋದುದರಲ್ಲಿ ಅರಸನ ಪುರುಷಾರ್ಥವೇನು? ಗ್ರಂಥದಲ್ಲಿ ಗ್ಯಾಂಡಾಲ್ಫನು ದಂಡವನ್ನೆತ್ತಿದಾಗ ಗುಡುಗಿ ಕತ್ತಲೆ ಕವಿಯುವುದು ನಿಜ. ಆದರೂ ಅದು ಗ್ರೀಮಾನ ಬಾಯಿ ಮುಚ್ಚಿಸುವುದಕ್ಕೆ ಆದುದು. ಅನಂತರ ಅವನು ಅರಸನನ್ನು ಕೇಳಿಕೊಳ್ಳುವುದು ಇಷ್ಟೇ: ಬಾಗಿಲ ತನಕ ಬಾ, ಹೊರಗೆ ನೋಡು. ಅರಸು ಬಂದನು, ಗಾಳಿಯನ್ನು ಕುಡಿದನು, ಊರುಗೋಲನ್ನು ಕೈಬಿಟ್ಟನು. ಮಹಾಭಾರತದಲ್ಲಿ ಧೃತರಾಷ್ಟ್ರನಿಗೂ ವಿದುರನು ರಾತ್ರಿಯೆಲ್ಲ ನೀತಿ ಹೇಳಿದನು. ಕೇಳಿ ಮೆಚ್ಚಿದ ಆ ಅರಸು ಬೆಳಗಾದ ಮೇಲೆ ಮಗನ ಹಾದಿಯಲ್ಲಿಯೇ ನಡೆದನು. ಒಳ್ಳೆಯ ಮಾತನ್ನು ಕೇಳಿದೊಡನೆ ಎದ್ದು ನಿಲ್ಲುವುದು ಅಷ್ಟು ದುಷ್ಕರವಾದುದೆಂದು ಬಲ್ಲವರಿಗೆ ಥಿಯೊಡೆನನ ಆ ಕೆಲವು ಹೆಜ್ಜೆಗಳು ಯಾವ ಪವಾಡಕ್ಕಿಂತಲೂ ದೊಡ್ಡವಾಗಿ ತೋರುತ್ತವೆ.

ಎದ್ದ ಅರಸನ ಕಿವಿ ಮತ್ತೆ ಮತ್ತೆ ಪರೀಕ್ಷೆಗೊಳಗಾಗುತ್ತದೆ. ಯುದ್ಧಕ್ಕೆ ಹೊರಡುವ ಮುನ್ನ ಪ್ರಜೆಗಳನ್ನು ಕಾಯಲು ಯಾರನ್ನು ಬಿಡೋಣವೆಂದು ಕೇಳಿದಾಗ, ತನ್ನ ಮನೆತನದಲ್ಲಿ ಉಳಿದವನು ಎಯೊಮೆರನೊಬ್ಬನೇ ಎಂದುಕೊಂಡಿದ್ದ ಅರಸನಿಗೆ, ಎಯೊಮೆರನ ತಂಗಿ ಎಯೊವಿನ್ ಇದ್ದಾಳೆಂದು ನೆನಪು ಮಾಡಿಕೊಡುವವನು ದ್ವಾರಪಾಲಕನಾದ ಹಾಮಾ. ಅರಸು ಆ ಮಾತಿಗೆ ತಲೆಬಾಗುತ್ತಾನೆ. ಹಾರ್ನ್‌ಬರ್ಗ್ ಕೋಟೆಯ ಇರುಳಿನ ಕಾಳಗದಲ್ಲಿ ಬೆಳಗಿನ ಜಾವಕ್ಕೆ ಅವನು ಕುದುರೆಯೇರಿ ಶತ್ರುಸೇನೆಯೊಳಕ್ಕೆ ನುಗ್ಗಿದುದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಮಿಗಿಲೆನಿಸುವುದು ಆಮೇಲೆ ನಡೆದುದು. ಸೋತು ಗೋಪುರದಲ್ಲಿ ಅವಿತ ಸಾರುಮಾನನು ಮೇಲಿನಿಂದ ಮಾತನಾಡುತ್ತಾನೆ. ಅವನ ಶಕ್ತಿಯೆಲ್ಲವೂ ಕಂಠದಲ್ಲಿ. ಆ ಮಧುರವಾಣಿಯನ್ನು ಕೇಳಿದ ಸವಾರರು ತಲೆದೂಗುತ್ತಾರೆ, ಇಷ್ಟು ವಿನಯದಿಂದ ನಮ್ಮ ದೊರೆಯೊಡನೆ ಗ್ಯಾಂಡಾಲ್ಫನೂ ಮಾತನಾಡಿರಲಿಲ್ಲವೆಂದುಕೊಳ್ಳುತ್ತಾರೆ. ಗ್ರೀಮಾನ ನಾಲಗೆಯಲ್ಲಿ ಕುಳಿತು ವರ್ಷಗಳ ಕಾಲ ತನ್ನನ್ನು ಕೊರೆದ ದನಿಯ ಮೂಲವೇ ಇದು. ಈಗ ಮಧ್ಯವರ್ತಿಯಿಲ್ಲದೆ, ಸಂಧಿಯ ಹೆಸರಿನಲ್ಲಿ ಬಂದಿದೆ. ಬಹಳ ಹೊತ್ತು ಮೌನವಾಗಿದ್ದ ಅರಸು ಸಂಧಿಯಾಗಲಿ ಎಂದು ಗದ್ಗದನಾಗಿ ನುಡಿದಾಗ ಸವಾರರು ಹರ್ಷಿಸುತ್ತಾರೆ. ಅವನು ಕೈಯೆತ್ತಿ ಅವರನ್ನು ತಡೆದು, ಸುಟ್ಟ ಹಳ್ಳಿಗಳನ್ನೂ ಸತ್ತ ಮಕ್ಕಳನ್ನೂ, ಕೋಟೆಯ ಬಾಗಿಲಲ್ಲಿ ಮಡಿದ ಮೇಲೂ ಕಡಿದು ಹಾಕಲ್ಪಟ್ಟ ಆ ಹಾಮಾನನ್ನೂ ನೆನೆದು, ಮಾತುಗಾರನ ಕೇಡು ಅಳಿದ ಮೇಲೆಯೇ ಸಂಧಿಯೆಂದು ಸ್ಪಷ್ಟವಾಗಿ ಹೇಳುತ್ತಾನೆ. ಇಂಪಾದ ದನಿಯ ಬಳಿಕ ಅರಸನ ದನಿ ಅವನವರಿಗೇ ಕರ್ಕಶವಾಗಿ ಕೇಳಿಸಿತಂತೆ. ಜೀವಿತದಲ್ಲಿ ಒಮ್ಮೆಯಾದರೂ ಇಂತಹ ಕರ್ಕಶತೆಗೆ ಒಡೆಯನಾಗದವನನ್ನು ನಾನು ಶೂರನೆನ್ನಲಾರೆ.

ನೆರೆಯ ಗೊಂಡೋರಿನ ರಾಜಧಾನಿಗೆ ಅಪಾಯವೊದಗಿ ನೆರವಿನ ಕರೆ ಬಂದಾಗ ಆರು ಸಾವಿರ ಸವಾರರೊಡನೆ ತಾನೇ ಹೊರಟ ಅವನಿಗೆ ದಾರಿಯಲ್ಲಿ ಶತ್ರುಪಡೆ ಅಡ್ಡವಾಗಿದೆಯೆಂದು ತಿಳಿಯುತ್ತದೆ. ಆಗ ಕಾಡಿನಿಂದ ಬಂದವನು ಘಾನ್-ಬುರಿ-ಘಾನ್ ಎಂಬ ವನವಾಸಿಗಳ ಮುಖ್ಯಸ್ಥ. ಸೊಂಟಕ್ಕೆ ಹುಲ್ಲಿನ ಉಡಿಗೆ, ಗಿಡ್ಡ ಮೈ, ತೊದಲು ಮಾತು. ಇಂಥವರನ್ನು ರೋಹನಿನ ಸವಾರರೇ ಮೃಗಗಳಂತೆ ಬೇಟೆಯಾಡುತ್ತಿದ್ದರು. ಆದರೆ ಸೇನೆಯ ಸಂಖ್ಯೆಯನ್ನು ತನ್ನ ರೀತಿಯಲ್ಲಿ ಆಗಲೇ ಎಣಿಸಿಟ್ಟಿದ್ದ ಅವನು ಎಲ್ಲರೂ ಮರೆತ ಹಳೆಯ ಹಾದಿಯೊಂದನ್ನು ತೋರಿಸುವೆನೆಂದನು. ಪ್ರತಿಯಾಗಿ ಬೇಡಿದುದು ತಮ್ಮನ್ನು ಕಾಡಿನಲ್ಲಿ ತಮ್ಮ ಪಾಡಿಗೆ ಬಿಡಬೇಕೆಂಬುದೊಂದನ್ನೇ. ಅರಸು ಅವನ ಮಾತನ್ನು ಕೇಳಿ, ಒಪ್ಪಿ, ಹಾಗೆಯೇ ನಡೆದನು. ಹಾಗೆ ಕೇಳದಿದ್ದರೆ ಆ ರಾಜಧಾನಿಗೆ ಸೇನೆ ಸಕಾಲಕ್ಕೆ ಸೇರುತ್ತಿರಲಿಲ್ಲ.

ಟೋಲ್ಕೀನರಿಗೆ ಈ ವಿಷಯ ಹಗುರವಾದುದಾಗಿರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಅವರು ಥಿಯೊಡೆನ್ ಎಂಬ ಹೆಸರನ್ನು ಆರಿಸಿದುದು ಆ ಭಾಷೆಯಿಂದಲೇ. ಒಡೆಯನೆಂದೇ ಅದರ ಅರ್ಥ. 1916ರಲ್ಲಿ ಸೋಮ್ ನದಿಯ ರಣರಂಗದಲ್ಲಿ ಸಂಕೇತವಾಹಕ ಅಧಿಕಾರಿಯಾಗಿದ್ದ ಅವರ ಆಪ್ತಮಿತ್ರರಲ್ಲಿ ಒಬ್ಬರನ್ನುಳಿದು ಉಳಿದವರೆಲ್ಲರೂ 1918ರ ವೇಳೆಗೆ ಮಡಿದಿದ್ದರು. 991ರಲ್ಲಿ ಮಾಲ್ಡನ್ ಎಂಬಲ್ಲಿ ವೈಕಿಂಗರಿಗೆ ಗರ್ವದಿಂದ ದಾರಿ ಬಿಟ್ಟುಕೊಟ್ಟು ತನ್ನವರ ನಾಶಕ್ಕೆ ಕಾರಣನಾದ ನಾಯಕನ ಬಗೆಗೆ 1953ರಲ್ಲಿ ಪ್ರಕಟಿಸಿದ ರಚನೆಯಲ್ಲಿ ಅವರು, ಕೀರ್ತಿಗಾಗಿ ಆಳುಗಳ ಪ್ರಾಣವನ್ನು ಪಣವೊಡ್ಡುವ ಒಡೆಯನನ್ನು ಕ್ಷಮಿಸಲಿಲ್ಲ. ಅಂತಹವರ ಲೇಖನಿಯಿಂದ ಬಂದ ರಾಜನಲ್ಲಿ ನಾವು ತೋಳನ್ನಷ್ಟೇ ಹುಡುಕಿದರೆ ತಪ್ಪು ನಮ್ಮದು.

ಆದರೂ ಒಂದು ಸಂಗತಿಯನ್ನು ನಾನು ಮರೆಮಾಚಲಾರೆ. ತನ್ನ ಮನೆಯಲ್ಲಿಯೇ, ತನ್ನ ಶುಶ್ರೂಷೆಯಲ್ಲಿಯೇ ಯೌವನವನ್ನು ಸವೆಸಿದ ಸೋದರಸೊಸೆ ಎಯೊವಿನ್‌ಳ ಒಡಲ ಮಾತು ಅವನಿಗೆ ಕೊನೆಯವರೆಗೂ ಕೇಳಿಸಲಿಲ್ಲ. ಗ್ರೀಮಾನ ನುಡಿಯ ವಿಷ ಅವಳ ಕಿವಿಯನ್ನೂ ಹೊಕ್ಕಿತ್ತೆಂಬುದು ಅವನಿಗೆ ಹೊಳೆಯಲಿಲ್ಲ. ಗಂಡುವೇಷದಲ್ಲಿ ಅವನ ಸೇನೆಯಲ್ಲಿಯೇ ಬಂದು, ಯಾವ ಗಂಡಸೂ ಕೊಲ್ಲಲಾರನೆಂಬ ಪ್ರೇತನಾಯಕನನ್ನು ಅವನ ಪಕ್ಕದಲ್ಲಿಯೇ ಕೊಂದು ಬಿದ್ದ ಅವಳಿಗೆ ವಿದಾಯ ಹೇಳಿ ಎಂದು ಇತರರನ್ನು ಬೇಡಿಕೊಂಡು ಅವನು ಕಣ್ಮುಚ್ಚಿದನು, ಅವಳು ಅಲ್ಲಿಯೇ ಇದ್ದಾಳೆಂದು ಅರಿಯದೆ.

ಆ ದಿನ ಬೆಳಗಿನಲ್ಲಿ ಉರಿಯುವ ನಗರವನ್ನು ಕಂಡು ಅರಸು ಕ್ಷಣಕಾಲ ಮತ್ತೆ ಬಾಗಿದ ಮುದುಕನಾಗಿದ್ದನು. ಬಳಿಕ ನೆಟ್ಟಗಾಗಿ, ಕೇತನಧಾರಿಯ ಕೈಯ ಕೊಂಬನ್ನು ಕಸಿದು ಅದು ಸಿಡಿದು ಒಡೆಯುವಂತೆ ಊದಿ, ಎಲ್ಲರಿಗಿಂತ ಮುಂದಾಗಿ ಕುದುರೆ ಬಿಟ್ಟನು. ಆ ಕುದುರೆಯೇ ಬಾಣ ತಾಗಿ ಅವನ ಮೇಲೆ ಬಿದ್ದಿತು. 71 ವರ್ಷದ ಆ ಮುದುಕನ ಬಳಿ ಮಂಡಿಯೂರಿದವನು, ಆಜ್ಞೆ ಮೀರಿ ಬಂದ ಮೆರಿ, ಹಾಬಿಟ್ ಎಂಬ ಕುಳ್ಳರ ಕುಲದವನು. ಅವರಿಬ್ಬರ ಮೊದಲ ಭೇಟಿಯಲ್ಲಿ ಮೆರಿ ತನ್ನ ನಾಡಿನ ಹೊಗೆಸೊಪ್ಪಿನ ಚರಿತ್ರೆಯನ್ನು ಹೇಳಹೊರಟು, ಹೊತ್ತಾಯಿತೆಂದು ಗ್ಯಾಂಡಾಲ್ಫನು ತಡೆದುದರಿಂದ, ಅದು ಅರ್ಧಕ್ಕೇ ನಿಂತಿತ್ತು; ಮುಂದೊಂದು ದಿನ ಮೆಡುಸೆಲ್ಡಿನಲ್ಲಿ ಜೊತೆಗೆ ಕುಳಿತು ಕೇಳುವೆನೆಂದು ಅರಸು ಮಾತು ಕೊಟ್ಟಿದ್ದನು. ಈಗ ಅರಸು ಮೆರಿಯನ್ನು ಕ್ಷಮಿಸಿ, ನೆಮ್ಮದಿಯಾಗಿ ಬಾಳೆಂದು ಹರಸಿ, ಆ ಸೊಪ್ಪಿನ ಕಥೆಯನ್ನು ಕೇಳುವುದು ಇನ್ನಾಗದಲ್ಲ ಎಂದು ಹಳಹಳಿಸಿದನು.