ಸೈಕಲ್ ನಿಂತ ಮೇಲೆ ಲೆಕ್ಕ ಶುರು

ಬ್ರಿಟನ್‌ನಲ್ಲಿ ಸೈಕಲ್ ಹುಚ್ಚು ಹಿಡಿದವರಿಗೆಲ್ಲ ಒಂದು ಆಸೆ ಇರುತ್ತದೆ. ನೈಋತ್ಯ ತುದಿಯ ಲ್ಯಾಂಡ್ಸ್ ಎಂಡ್‌ನಿಂದ ಈಶಾನ್ಯ ತುದಿಯ ಜಾನ್ ಓ ಗ್ರೋಟ್ಸ್‌ವರೆಗೆ ಇಡೀ ದೇಶವನ್ನು ಉದ್ದಕ್ಕೆ ದಾಟಬೇಕು ಎಂಬುದು. ರಸ್ತೆಯ ಲೆಕ್ಕದಲ್ಲಿ 874 ಮೈಲು, ಅಂದರೆ ಸುಮಾರು 1,400 ಕಿ.ಮೀ. ಮಂಗಳೂರಿನಿಂದ ಮುಂಬೈಗೆ ಹೋಗಿ ಅರ್ಧ ದಾರಿ ವಾಪಸ್ ಬಂದಷ್ಟು ಅಂತಿಟ್ಟುಕೊಳ್ಳಿ. ಕಳೆದ ಬೇಸಿಗೆಯಲ್ಲಿ ನಾವು ಎಂಟು ಮಂದಿ ಇದನ್ನು 15 ದಿನಗಳಲ್ಲಿ ಮುಗಿಸಿದೆವು. ಮೂವರು ದಕ್ಷಿಣ ಕನ್ನಡದವರು, ಉಳಿದವರು ಅಲ್ಲಿಯವರೇ. ಇದೇನೂ ದೊಡ್ಡ ಸಾಹಸ ಅಲ್ಲ. ಮೈಕೆಲ್ ಬ್ರಾಡ್‌ವಿತ್ ಎಂಬವರು 2018ರಲ್ಲಿ ಈ ತುದಿಯಿಂದ ಆ ತುದಿಗೆ 43 ಗಂಟೆ 25 ನಿಮಿಷದಲ್ಲಿ ಹೋಗಿದ್ದಾರೆ. ನಾವು ಅಷ್ಟು ಹೊತ್ತಿಗೆ ಇನ್ನೂ ಡೆವನ್‌ನ ಗುಡ್ಡಗಳಲ್ಲಿ ಏದುಸಿರು ಬಿಡುತ್ತಿದ್ದೆವು.

ಸ್ಕಾಟ್ಲೆಂಡ್‌ನ ಪರ್ವತಗಳೇ ಕಷ್ಟ ಎಂದು ಹೆಚ್ಚಿನವರು ಭಾವಿಸುತ್ತಾರೆ. ಹಾಗಲ್ಲ. ಅಲ್ಲಿ ಏರು ಉದ್ದವಾದರೂ ಹದವಾಗಿರುತ್ತದೆ. ಕಾರ್ನ್‌ವಾಲ್, ಡೆವನ್‌ನಲ್ಲಿ ಏರು ಗಿಡ್ಡ, ಆದರೆ ಗೋಡೆಯ ಹಾಗೆ. ಒಂದು ಇಳಿದ ಕೂಡಲೇ ಇನ್ನೊಂದು. ಮೊದಲ ಮೂರು ದಿನದಲ್ಲೇ ಯಾರ ಮೊಣಕಾಲು ಎಷ್ಟು ತಾಳುತ್ತದೆ ಎಂದು ಗೊತ್ತಾಗುತ್ತದೆ. ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಬಹುತೇಕರು ತೆಂಕಿನಿಂದ ಬಡಗಿಗೆ ಹೋಗುವುದು. ಬೆನ್ನಿಗೆ ಗಾಳಿ ಸಿಕ್ಕಿದ ದಿನ ಸೈಕಲ್ ತನ್ನಷ್ಟಕ್ಕೆ ಓಡುತ್ತದೆ ಮಾರಾಯ್ರೆ.

ಆದರೆ ನಾನು ಬರೆಯಲು ಹೊರಟದ್ದು ದಾರಿಯ ಬಗ್ಗೆ ಅಲ್ಲ, ದುಡ್ಡಿನ ಬಗ್ಗೆ.

ಅಲ್ಲಿ ಇಂಥ ಯಾತ್ರೆಗಳನ್ನು ಬಹಳಷ್ಟು ಮಂದಿ ಯಾವುದಾದರೂ ಸೇವಾಸಂಸ್ಥೆಗೆ ಹಣ ಸಂಗ್ರಹಿಸಲು ಮಾಡುತ್ತಾರೆ. ನಾವೂ ಒಂದು ಹಾಸ್ಪಿಸ್‌ಗಾಗಿ ಮಾಡಿದೆವು. ಹಾಸ್ಪಿಸ್ ಅಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಜಾಗ. ಅವು ಬಹುಮಟ್ಟಿಗೆ ಜನರ ದಾನದಿಂದಲೇ ನಡೆಯುವುದು. ವಿಷಯ ತಿಳಿಸಲು ಊರಿಗೆ ಫೋನ್ ಮಾಡಿದಾಗ ನೆರೆಮನೆಯ ಕಾಕ ಕೇಳಿದ್ದು ಒಂದೇ ಪ್ರಶ್ನೆ: 'ಅಲ್ಲ ಮೋನೆ, ನೀನು ಸೈಕಲ್ ತುಳಿಯುವುದಕ್ಕೆ ನಾನು ಯಾಕೆ ದುಡ್ಡು ಕೊಡಬೇಕು? ರೋಗಿಗೆ ಕೊಡುವುದಾದರೆ ರೋಗಿಗೇ ಕೊಡುತ್ತೇನಲ್ಲ?'

ಕೇಳಲು ಕುಚೋದ್ಯದ ಹಾಗಿದ್ದರೂ ಈ ಪ್ರಶ್ನೆಯಲ್ಲಿ ತೂಕ ಉಂಟು. ಕೆಲವು ಯಾತ್ರೆಗಳಲ್ಲಿ ಇಂತಿಷ್ಟು ಹಣ ಸಂಗ್ರಹಿಸಿ ತಂದರೆ ನಿಮ್ಮ ವಸತಿ, ಊಟ, ಸಾಮಾನು ಹೊರುವ ವ್ಯಾನಿನ ಖರ್ಚು ಅದರಿಂದಲೇ ನಡೆಯುತ್ತದೆ. ಕೊಟ್ಟವರು ಮಾತ್ರ ತಮ್ಮ ಹತ್ತು ಪೌಂಡ್ ಪೂರ್ತಿ ರೋಗಿಗೆ ಹೋಯಿತು ಎಂದುಕೊಂಡಿರುತ್ತಾರೆ. ಬ್ರಿಟನ್‌ನಲ್ಲಿ ಇದಕ್ಕೆ ನಿಯಮ ಉಂಟು. ದಾನದ ಹಣದಲ್ಲಿ ಸವಾರನ ಖರ್ಚೂ ಸೇರಿದ್ದರೆ ಅದನ್ನು ಕೊಡುವವರಿಗೆ ಸ್ಪಷ್ಟವಾಗಿ ತಿಳಿಸಬೇಕು. ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟರೆ 'ಗಿಫ್ಟ್ ಏಡ್' ಮೂಲಕ ಸರಕಾರದಿಂದ 25 ಪೆನ್ಸ್ ಹೆಚ್ಚುವರಿ ಸಂಸ್ಥೆಗೆ ಸಿಗುತ್ತದೆ; ಸಾರ್ವಜನಿಕರ ತೆರಿಗೆಯೂ ಬೆರೆತಿದೆ ಎಂದಾಯಿತು. ಆದರೆ ತಿಳಿಸುವ ಆ ಒಂದು ವಾಕ್ಯ ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಬೆಟ್ಟದ ಮೇಲೆ ಕೈ ಎತ್ತಿ ನಿಂತ ಫೋಟೊ ಮೇಲೆ ದೊಡ್ಡದಾಗಿ ಇರುತ್ತದೆ.

ಇದಕ್ಕೆ ಉತ್ತರ ಕೊಡುವವರೂ ಇದ್ದಾರೆ. ಖರ್ಚು ಸವಾರನೇ ಹಾಕಬೇಕು ಅಂದರೆ ದುಡ್ಡಿದ್ದವರು ಮಾತ್ರ ಹೋಗಬಹುದು, ವಿದ್ಯಾರ್ಥಿಗಳು, ಸಣ್ಣ ಸಂಬಳದವರು ಎಲ್ಲಿಗೆ ಹೋಗಬೇಕು ಎನ್ನುತ್ತಾರೆ. ಯಾತ್ರೆ ಇಲ್ಲದಿದ್ದರೆ ಆ ಹಣ ಬರುತ್ತಲೇ ಇರಲಿಲ್ಲ ಎಂದೂ ಹೇಳುತ್ತಾರೆ. ಎರಡೂ ಮಾತು ಸುಳ್ಳಲ್ಲ. ನನ್ನ ವಾದ ಇಷ್ಟೇ: ಹಾಗಾದರೆ ಬಾಯಿಬಿಟ್ಟು ಹೇಳಿ. 'ನನ್ನ ಖರ್ಚಿಗೆ ಇಷ್ಟು, ರೋಗಿಗೆ ಇಷ್ಟು' ಎಂದು ಎರಡು ಡಬ್ಬಿ ಇಡಿ. ಬಡ ಹುಡುಗನೊಬ್ಬ ದೇಶ ಸುತ್ತಲಿ ಎಂದು ಕೊಡುವವರೂ ಇದ್ದಾರೆ, ಅವರು ಆ ಡಬ್ಬಿಗೆ ಹಾಕುತ್ತಾರೆ. ಎರಡನ್ನೂ ಕಲಸುವುದು ಯಾಕೆ?

ನಮ್ಮ ಕಡೆ ಈ ಮಾತು ಬೇಗ ಅರ್ಥ ಆಗುತ್ತದೆ. ಆಪರೇಷನ್‌ಗೆ, ಮನೆ ಕಟ್ಟಲಿಕ್ಕೆ, ಹುಡುಗಿಯ ಮದುವೆಗೆ ಎಂದು ಗಲ್ಫಿನಿಂದ ಹಿಡಿದು ಗಲ್ಲಿಯವರೆಗೆ ಸಂಗ್ರಹಿಸುವವರು ನಾವು. ಕೊಡುವುದರಲ್ಲಿ ಬ್ಯಾರಿಗಳ ಕೈ ಹಿಂದೆ ಇಲ್ಲ. ಕೊಟ್ಟ ಮೇಲೆ ಲೆಕ್ಕ ಕೇಳಿದರೆ ಮಾತ್ರ 'ನಂಬಿಕೆ ಇಲ್ಲವಾ' ಎಂದು ಮುಖ ಊದಿಸುವ ಅಭ್ಯಾಸವೂ ಉಂಟು. ಲೆಕ್ಕ ಕೇಳುವುದು ಅನುಮಾನ ಪಟ್ಟಂತೆ ಯಾಕಾಗಬೇಕು ಎಂದು ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಇನ್ನು ಮುಗಿಸುವ ದಿನದ ವಿಷಯ. ಜಾನ್ ಓ ಗ್ರೋಟ್ಸ್‌ನಲ್ಲಿ ದಿಕ್ಕು ತೋರಿಸುವ ಒಂದು ಕಂಬ ಇದೆ, ಅದರ ಕೆಳಗೆ ಎಲ್ಲರೂ ಫೋಟೊ ತೆಗೆಸುವುದು. ನಿಜ ಹೇಳಬೇಕೆಂದರೆ ಅದು ಬ್ರಿಟನ್ ಮುಖ್ಯಭೂಮಿಯ ಉತ್ತರದ ತುದಿಯೇ ಅಲ್ಲ; ಆ ತುದಿ ಪಶ್ಚಿಮಕ್ಕಿರುವ ಡನೆಟ್ ಹೆಡ್. ಹಿಂದೆ ಆರ್ಕ್ನಿ ದ್ವೀಪಕ್ಕೆ ದೋಣಿ ನಡೆಸುತ್ತಿದ್ದ ಯಾನ್ ಡಿ ಗ್ರೂಟ್ ಎಂಬ ಡಚ್ಚರವನ ಹೆಸರು ಊರಿಗೆ ಬಂದಿದೆ. ಕೊನೆಯ ದಿನ ಬೆರಿಡೇಲ್ ಎಂಬಲ್ಲಿ ರಸ್ತೆ ಕಣಿವೆಗೆ ಧುಮುಕಿ ಮತ್ತೆ ಏರುತ್ತದೆ. ನಮ್ಮಲ್ಲಿ 58 ವರ್ಷದ ಒಬ್ಬರು ಅಲ್ಲಿ ಸೈಕಲ್ ತಳ್ಳಿಕೊಂಡೇ ನಡೆದರು. ಮುಂದಿದ್ದ ಇಬ್ಬರು ಹುಡುಗರಿಗೆ ತಡೆಯಲಾರದ ಅವಸರ. ಬೇಕಾದರೆ ಮುಂದೆ ಹೋಗಿ, ಆದರೆ ಕಂಬದ ಹತ್ತಿರ ಎಂಟೂ ಮಂದಿ ಸೇರದೆ ಫೋಟೊ ಇಲ್ಲ ಎಂದು ಮೊದಲ ದಿನವೇ ಮಾತಾಗಿತ್ತು. ಅವರು ಹೋಗಿ ಒಂದೂವರೆ ಗಂಟೆ ಚಳಿಗಾಳಿಯಲ್ಲಿ ಕಾದರು. ನಾಲ್ವರೇ ಇರುವ ಫೋಟೊದ ಅಡಿಯಲ್ಲಿ 'ನಮ್ಮ ತಂಡ' ಎಂದು ಬರೆದದ್ದನ್ನು ನಾನು ಬೇರೆ ಕಡೆ ನೋಡಿದ್ದೇನೆ. ಹಿಂದೆ ಉಳಿದವರ ಮನೆಯವರು ಅದನ್ನು ಹೇಗೆ ನೋಡಿಯಾರು?

ಫೋಟೊ ಆದ ಮೇಲೆ ಮನೆಗೆ ಹೋಗುವುದು ಇನ್ನೊಂದು ಯಾತ್ರೆ. ರೈಲು ಬೇಕಾದರೆ 27 ಕಿ.ಮೀ. ದೂರದ ವಿಕ್‌ಗೆ ಬರಬೇಕು. ಆ ರೈಲಿನಲ್ಲಿ ಸೈಕಲ್‌ಗೆ ಬೆರಳೆಣಿಕೆಯ ಜಾಗ, ಅದನ್ನೂ ಮೊದಲೇ ಕಾದಿರಿಸಬೇಕು. ಎಂಟು ಸೈಕಲ್ ಒಟ್ಟಿಗೆ ಹೋಗುವುದು ಸಾಧ್ಯವಿಲ್ಲದ ಕಾರಣ ನಾವು ಬಾಡಿಗೆ ವ್ಯಾನ್ ಮಾಡಿದೆವು.

ಆ ವ್ಯಾನಿನ ಬಾಡಿಗೆ, ಎರಡು ಟಯರ್, 14 ರಾತ್ರಿಯ ಹಾಸ್ಟೆಲ್ ಎಲ್ಲವನ್ನೂ ಎಂಟು ಪಾಲು ಮಾಡಿ ನಮ್ಮ ಕಿಸೆಯಿಂದ ಹಾಕಿದೆವು. ಸಂಗ್ರಹವಾದ ಹಣದ ರಶೀದಿ, ನಮ್ಮ ಖರ್ಚಿನ ಪಟ್ಟಿ ಎರಡನ್ನೂ ಹತ್ತು ದಿನದೊಳಗೆ ಕೊಟ್ಟವರೆಲ್ಲರಿಗೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆವು. ಕಾಕನಿಗೂ ಹೋಯಿತು. ಅವರು ಕನ್ನಡಕ ಹಾಕಿ ಪಟ್ಟಿ ಓದಿ ಫೋನ್ ಮಾಡಿದರು: 'ಟಯರಿಗೆ ಇಷ್ಟು ದುಡ್ಡಾ?'