ತಂಪಿನ ಹೆಸರಿನಲ್ಲಿ ಅನರ್ಥದಂಡ

ಬೇವೂರಿನ ಹೆಸರಿನಲ್ಲಿಯೇ ಬೇವಿನ ನೆರಳಿದೆ. ಆದರೆ ಬಾಗಲಕೋಟೆ ಜಿಲ್ಲೆಯ ಆ ಊರಿನಲ್ಲಾಗಲಿ, ಸುತ್ತಣ ಬಾದಾಮಿ, ಹುನಗುಂದ, ಇಳಕಲ್ಲು ಭಾಗಗಳಲ್ಲಾಗಲಿ ಹೊಸದಾಗಿ ಏಳುತ್ತಿರುವ ಅನೇಕ ಮನೆಗಳಿಗೆ ಮರದ ನೆರಳೂ ಬೇಡವಾಗಿದೆ, ಗೋಡೆಯ ದಪ್ಪವೂ ಬೇಡವಾಗಿದೆ. ತೆಳುವಾದ ಕಾಂಕ್ರೀಟ್ ಚಾವಣಿ, ಪಶ್ಚಿಮಕ್ಕೆ ಗಾಜಿನ ಕಿಟಕಿ, ಅಂಗಳಕ್ಕೆಲ್ಲ ಸಿಮೆಂಟು. ಇಷ್ಟಾದ ಬಳಿಕ ತಂಪಿಗಾಗಿ ಯಂತ್ರ. ಬಿಸಿಲನ್ನು ಒಳಗೆ ಕರೆದು ಕೂರಿಸಿ, ಅನಂತರ ಅದನ್ನು ಹೊರದೂಡಲು ಕಲ್ಲಿದ್ದಲು ಸುಡುವ ಈ ಪದ್ಧತಿಯನ್ನು ಪ್ರಗತಿಯೆಂದು ಕರೆಯುವುದು ಸಲ್ಲದು.

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಪ್ರಯೋಜನವಿಲ್ಲದ ಹಿಂಸೆಯಿಂದ ದೂರವಿರುವುದೇ ಅದರ ಅರ್ಥ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನೂ ಎಣಿಸುತ್ತದೆ. ನೆಲ, ನೀರು, ಬೆಂಕಿ, ಗಾಳಿಗಳನ್ನು ಕಾರಣವಿಲ್ಲದೆ ಕೆದಕುವುದು ಅದರೊಳಗೆ ಬರುತ್ತದೆ. ಗೃಹಸ್ಥನಿಗೆ ತಂಪು ಬೇಡವೆಂದು ಯಾರೂ ಹೇಳುವುದಿಲ್ಲ. ತಂಪನ್ನೇ ಕೊಡದ ಯಂತ್ರವನ್ನು ಹಗಲಿರುಳು ಓಡಿಸುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಈ ಸೀಮೆಯ ಸೆಕೆಗೆ ಎರಡು ಮುಖಗಳಿವೆ. ಮಾರ್ಚಿಯಿಂದ ಮೇವರೆಗೆ ಒಣ ಬಿಸಿಲು. ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೂ ಹಗಲಿನ ಗಾಳಿಯಲ್ಲಿ ತೇವ ಕಡಿಮೆ. ಜೂನ್ ಬಂದೊಡನೆ ಬಿಸಿ ಇಳಿಯುತ್ತದೆ, ತೇವ ಏರುತ್ತದೆ, ಬೆವರು ಆರುವುದಿಲ್ಲ. ಈ ಎರಡಕ್ಕೂ ಒಂದೇ ಮದ್ದು ಎಂದು ತಿಳಿದದ್ದೇ ಮೊದಲ ತಪ್ಪು. ಏರ್ ಕೂಲರ್ ನೀರನ್ನು ಆವಿ ಮಾಡಿ ಗಾಳಿಯನ್ನು ತಂಪಾಗಿಸುತ್ತದೆ. 40 ಡಿಗ್ರಿ ಬಿಸಿ ಮತ್ತು ಶೇಕಡಾ 20 ತೇವಾಂಶವಿದ್ದಾಗ ಆವಿಯಿಂದ ದೊರೆಯಬಹುದಾದ ತಂಪಿನ ಕೊನೆಯ ಮಿತಿ ಸುಮಾರು 23 ಡಿಗ್ರಿ. 30 ಡಿಗ್ರಿ ಬಿಸಿ ಮತ್ತು ಶೇಕಡಾ 80 ತೇವಾಂಶವಿದ್ದಾಗ ಆ ಮಿತಿ ಸುಮಾರು 27 ಡಿಗ್ರಿ. ಅಂದರೆ ಬೇಸಿಗೆಯಲ್ಲಿ ಗೆಳೆಯನಾದ ಕೂಲರ್ ಮಳೆಗಾಲದಲ್ಲಿ ಮೂರು ಡಿಗ್ರಿಯನ್ನೂ ಪೂರ್ತಿ ಇಳಿಸಲಾರದು. ಆ ಅಲ್ಪ ಲಾಭಕ್ಕೆ ಪ್ರತಿಯಾಗಿ ಕೊಡಗಟ್ಟಲೆ ನೀರನ್ನು ಆವಿಯಾಗಿಸಿ ಮನೆಯೊಳಗೆ ತುಂಬುತ್ತದೆ.

ಆ ತೇವದ ಫಲವನ್ನು ಪ್ರತಿ ಗೃಹಿಣಿಯೂ ಬಲ್ಲಳು. ಗೋಡೆಯ ಮೂಲೆಯಲ್ಲಿ ಬೂಷ್ಟು, ಬೇಳೆಯಲ್ಲಿ ಹುಳು, ಹಪ್ಪಳದಲ್ಲಿ ಮುಗ್ಗಲು ವಾಸನೆ. ತಿಂಗಳುಗಟ್ಟಲೆ ಬದಲಿಸದ ಕೂಲರಿನ ನೀರಿನಲ್ಲಿ ಸೊಳ್ಳೆಯ ಮರಿಗಳು ಹುಟ್ಟುತ್ತವೆ. ಆ ನೀರನ್ನು ಚೆಲ್ಲಿದರೆ ಅವು ಸಾಯುತ್ತವೆ, ಉಳಿಸಿದರೆ ಡೆಂಗಿ ಹರಡುವ ಸೊಳ್ಳೆಗಳಾಗುತ್ತವೆ. ನೆಲದ ಮೇಲೆ ಜೀವರಾಶಿ ಹೆಚ್ಚುವ ಕಾಲವೆಂದು ಮುನಿಗಳು ವಿಹಾರವನ್ನು ನಿಲ್ಲಿಸುವ ಚಾತುರ್ಮಾಸದಲ್ಲಿಯೇ ಗೃಹಸ್ಥನು ತನ್ನ ಮನೆಯೊಳಗೆ ಅದೇ ಜೀವರಾಶಿಯನ್ನು ಬೆಳೆಸಿ, ಆಮೇಲೆ ಔಷಧಿ ಸಿಂಪಡಿಸಿ ಕೊಲ್ಲುವುದು ಎಂಥ ವಿಪರ್ಯಾಸ! ಹುಟ್ಟಿದ ಮೇಲೆ ಕೊಲ್ಲದಿರುವುದಕ್ಕಿಂತ ಹುಟ್ಟಲು ಆಸ್ಪದ ಕೊಡದಿರುವುದು ಮೇಲು. ಮನೆಯನ್ನು ಒಣಗಿಡುವುದು ಆರೋಗ್ಯದ ವಿಷಯವಷ್ಟೇ ಅಲ್ಲ, ಅಹಿಂಸೆಯ ವಿಷಯವೂ ಹೌದು.

ಹಿರಿಯರು ಈ ಪಾಠವನ್ನು ಕಟ್ಟಡದಲ್ಲಿಯೇ ಬರೆದಿದ್ದರು. ಬಯಲುಸೀಮೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ದಪ್ಪ ಗೋಡೆ ಹಗಲಿನ ಬಿಸಿಯನ್ನು ತಡೆಯುತ್ತಿತ್ತು. ಬೆಳಕಿಂಡಿಯಿಂದ ಬಿಸಿಗಾಳಿ ಮೇಲೇರಿ ಹೋಗುತ್ತಿತ್ತು. ಐಹೊಳೆಯ ಗುಡ್ಡದ ಮೇಲೆ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಕಟ್ಟಿಸಿದ ಮೇಗುತಿ ಜಿನಾಲಯದ ದಪ್ಪ ಕಲ್ಲುಗೋಡೆಗಳನ್ನು ನೋಡಬಹುದು. ಕರಾವಳಿಗೆ ಹೋದರೆ ರೀತಿಯೇ ಬೇರೆ: ಭಾರಿ ಮಳೆಯ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಗೆ ಇಳಿಜಾರು ಮಾಡು, ಗಾಳಿಯಾಡುವ ಕಂಬಗಳ ಸಾಲು. ಆಯಾ ನೆಲದ ಹವೆಗೆ ತಕ್ಕಂತೆ ಕಟ್ಟುವ ವಿವೇಕವೇ ಆ ಭಿನ್ನತೆಗೆ ಕಾರಣ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರ ಎದ್ದಾಗ ಜನರು ಮಾಳಿಗೆಯಿಂದ ಕಾಂಕ್ರೀಟಿಗೆ ಬಂದರು. ಸೋರುವ ಮಾಳಿಗೆಗೆ ವರುಷ ವರುಷವೂ ಮಣ್ಣು ಹಾಕುವ ದುಡಿಮೆ ತಪ್ಪಿತು, ನಿಜ. ಆದರೆ ಹಗಲೆಲ್ಲ ಕಾದ ಚಾವಣಿ ರಾತ್ರಿಯೆಲ್ಲ ಕೆಳಗಿನವರ ಮೇಲೆ ಬಿಸಿ ಸುರಿಯುವ ಹೊಸ ಕಷ್ಟವೂ ಜೊತೆಗೆ ಬಂದಿತು.

"ಕಾಲ ಬದಲಾಗಿದೆ, ಸೆಕೆ ಹೆಚ್ಚಾಗಿದೆ, ವೃದ್ಧರೂ ರೋಗಿಗಳೂ ಏನು ಮಾಡಬೇಕು?" ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದುದೇ. ಗಾಳಿ 40 ಡಿಗ್ರಿ ದಾಟಿದಾಗ ಬರಿಯ ಫ್ಯಾನು ದೇಹಕ್ಕೆ ಬಿಸಿಯನ್ನೇ ತಂದೊಡ್ಡುತ್ತದೆ. ಅಂಥ ದಿನ ಹೃದ್ರೋಗಿಯನ್ನೂ ಹಸುಗೂಸನ್ನೂ ಹವಾನಿಯಂತ್ರಿತ ಕೋಣೆಯಲ್ಲಿರಿಸುವುದು ಭೋಗವಲ್ಲ, ರಕ್ಷಣೆ. ಆದರೆ ಒಬ್ಬ ರೋಗಿಯ ಅಗತ್ಯವನ್ನು ಮುಂದೆ ಮಾಡಿ ಆರೋಗ್ಯವಂತರ ನಾಲ್ಕು ಕೋಣೆಗಳಿಗೂ ಯಂತ್ರ ಹಾಕಿಸುವುದು ಆತ್ಮವಂಚನೆ. ಒಂದೂವರೆ ಟನ್ನಿನ ಏ.ಸಿ. ಪೂರ್ಣ ಬಲದಲ್ಲಿ ಓಡುವಾಗ ಸುಮಾರು 1,500 ವ್ಯಾಟ್ ಬೇಕು. 75 ವ್ಯಾಟಿನ ಇಪ್ಪತ್ತು ಫ್ಯಾನುಗಳಿಗೆ ಅಷ್ಟು ಸಾಕು. ಹೊಸ ಬಗೆಯ ಬಿ.ಎಲ್.ಡಿ.ಸಿ. ಫ್ಯಾನಿಗಂತೂ 30 ವ್ಯಾಟಿನ ಆಸುಪಾಸು ಸಾಕು. 2020ರಿಂದ ದೇಶದಲ್ಲಿ ಸ್ಟಾರ್ ಗುರುತಿನ ಕೋಣೆಯ ಏ.ಸಿ.ಗಳು 24 ಡಿಗ್ರಿಯಲ್ಲಿಯೇ ಆರಂಭವಾಗಬೇಕೆಂಬ ನಿಯಮವಿದೆ. ಅದನ್ನು 18ಕ್ಕೆ ಇಳಿಸಿ ಕಂಬಳಿ ಹೊದೆಯುವವನಿಗೆ ಯಾವ ಸೆಕೆಯ ನೆಪವೂ ಉಳಿಯದು.

ಹಾಗಾದರೆ ಮಾಡಬೇಕಾದುದೇನು? ಮೊದಲು ಚಾವಣಿ. ಮಾರ್ಚಿಗೆ ಮುನ್ನ ಅದಕ್ಕೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಮರಳಿ ಹೋಗುತ್ತದೆ. ಪಶ್ಚಿಮದ ಗೋಡೆಗೆ ಮರ ಅಥವಾ ತಟ್ಟಿಯ ನೆರಳು. ನೆರಳು ಗಾಜಿನ ಹೊರಗಿರಬೇಕು, ಒಳಗಿನ ಪರದೆ ಅಷ್ಟು ಫಲ ಕೊಡದು. ಒಣ ಬೇಸಿಗೆಯಲ್ಲಿ ಬೆಳಿಗ್ಗೆ ಬಿಸಿಲೇರುವ ಮುನ್ನ ಕಿಟಕಿ ಮುಚ್ಚಿ, ರಾತ್ರಿ ಎದುರುಬದುರಾಗಿ ತೆರೆಯಬೇಕು. ಕೂಲರ್ ಬಳಸುವುದಾದರೆ ಒಂದು ಕಿಟಕಿ ತೆರೆದಿರಲಿ, ನೀರು ವಾರಕ್ಕೊಮ್ಮೆಯಾದರೂ ಬದಲಾಗಲಿ; ಮಳೆ ಆರಂಭವಾದೊಡನೆ ಅದನ್ನು ಬರಿದು ಮಾಡಿ ಒಣಗಿಸಿಡಲಿ. ಮಳೆಗಾಲದಲ್ಲಿ ಮೊದಲ ಕೆಲಸ ಸೋರಿಕೆಯನ್ನು ನಿಲ್ಲಿಸುವುದು. ಜೈನ ಮನೆಗಳಲ್ಲಿ ದಿನವೂ ನೀರು ಕಾಯಿಸುವ ರೂಢಿ ಇದೆ. ಆ ಆವಿ ಪಡಸಾಲೆಗೆ ಬಾರದಂತೆ ಅಡುಗೆಮನೆಯಿಂದಲೇ ಹೊರಹೋಗಬೇಕು. ಒದ್ದೆ ಬಟ್ಟೆ ಕೋಣೆಯೊಳಗೆ ಆರಬಾರದು. ಕಪಾಟು ಗೋಡೆಯಿಂದ ಒಂದು ಗೇಣಾದರೂ ದೂರವಿರಲಿ, ಹಿಂದೆ ಗಾಳಿಯಾಡಲಿ. ಕಲ್ಲು ಮಣ್ಣಿನ ಹಳೆಯ ಗೋಡೆಗೆ ಸಿಮೆಂಟು ಮತ್ತು ಪ್ಲಾಸ್ಟಿಕ್ ಬಣ್ಣ ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಗೋಡೆಯನ್ನೇ ತಿನ್ನುತ್ತದೆ. ಅಲ್ಲಿಗೆ ಸುಣ್ಣವೇ ತಕ್ಕುದು.

ಈ ಕೊನೆಯ ಮಾತು ಬಸದಿಗಳ ಟ್ರಸ್ಟುಗಳಿಗೆ ಇನ್ನಷ್ಟು ಸಲ್ಲುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲಿನ ಸಂದುಗಳಿಗೆ ಸಿಮೆಂಟು, ಗೋಡೆಗೆ ಟೈಲ್ಸು, ಸಭಾಭವನಕ್ಕೆ ಏ.ಸಿ.; ಇವೆಲ್ಲಕ್ಕೂ ದಾನಿಗಳ ಹೆಸರಿನ ಫಲಕ ಸಿದ್ಧವಾಗಿರುತ್ತದೆ. ಚಾವಣಿಗೆ ಸುಣ್ಣ ಬಳಿಸಿದವರ ಹೆಸರನ್ನು ಯಾವ ಫಲಕವೂ ಹೊರುವುದಿಲ್ಲ, ಆದ್ದರಿಂದ ಆ ಕೆಲಸಕ್ಕೆ ದಾನಿಯೂ ಸಿಗುವುದಿಲ್ಲ. ಅಭಿಷೇಕದ ನೀರು ಸರಾಗವಾಗಿ ಹೊರಹೋಗುತ್ತಿದೆಯೇ, ಗರ್ಭಗೃಹದಲ್ಲಿ ಗಾಳಿಯಾಡುತ್ತಿದೆಯೇ ಎಂದು ನೋಡದೆ ಭವನಕ್ಕೆ ಯಂತ್ರ ಕೊಂಡರೆ ಅದು ಪ್ರಭಾವನೆಯಾಗದು. ತಾಡವಾಲೆ ಗ್ರಂಥಗಳಿರುವ ಕೋಣೆಗಳಲ್ಲಿ ಇನ್ನೂ ಎಚ್ಚರ ಬೇಕು: ಸಭೆ ನಡೆದಾಗ ಮಾತ್ರ ಏ.ಸಿ. ಹಾಕಿ ಆಮೇಲೆ ಆರಿಸಿದರೆ ತೇವಾಂಶ ಏರಿಳಿದು ಗರಿಗಳು ಹಿಗ್ಗಿ ಕುಗ್ಗುತ್ತವೆ, ಕೆಡುತ್ತವೆ.

ಆದುದರಿಂದ ಮುಂದಿನ ಟ್ರಸ್ಟಿನ ಸಭೆಯಲ್ಲಿ ಹವಾನಿಯಂತ್ರಣದ ಠರಾವು ಬಂದಾಗ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳಲಿ: ಚಾವಣಿಗೆ ನೆರಳು ಅಥವಾ ಸುಣ್ಣ ಆಗಿದೆಯೇ? ಸೋರಿಕೆ ನಿಂತಿದೆಯೇ? ಗಾಳಿಗೆ ಎರಡು ದಿಕ್ಕಿನ ದಾರಿಯಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬರುವವರೆಗೆ ಯಂತ್ರದ ಖರೀದಿಯನ್ನು ತಡೆಹಿಡಿಯಲಿ. ಮನೆಯ ಯಜಮಾನನೂ ತನ್ನ ಮನೆಗೆ ಇದೇ ನಿಯಮವನ್ನು ಹಾಕಿಕೊಳ್ಳಲಿ.